ಬಸುರಿಯ ರಕ್ತದ ಲೆಕ್ಕ, ತಟ್ಟೆಯ ಲೆಕ್ಕ

ಗರ್ಭಿಣಿಯ ರಕ್ತಪರೀಕ್ಷೆಯ ವರದಿಯಲ್ಲಿ ಒಟ್ಟು ಪ್ರೋಟೀನ್, ಆಲ್ಬುಮಿನ್ ಎಂಬ ಹೆಸರುಗಳ ಮುಂದಿನ ಅಂಕಿಗಳು ಮಾಮೂಲಿಗಿಂತ ಕೆಳಗಿದ್ದರೆ ಆಕೆ ಸರಿಯಾಗಿ ಉಣ್ಣುತ್ತಿಲ್ಲ ಎಂಬ ತೀರ್ಮಾನಕ್ಕೆ ಮನೆಯವರು ಬಂದುಬಿಡುತ್ತಾರೆ. ಅದೇ ಅಂಕಿಗಳು ಮಾಮೂಲಿನ ಒಳಗಿದ್ದರೆ ಊಟದಲ್ಲಿ ಕೊರತೆಯೇನೂ ಇಲ್ಲವೆಂದು ನೆಮ್ಮದಿಯಿಂದಿರುತ್ತಾರೆ. ಈ ಎರಡು ತೀರ್ಮಾನಗಳೂ ಬಹುಪಾಲು ತಪ್ಪು. ಬಸಿರಿನ ತಿಂಗಳುಗಳಲ್ಲಿ ರಕ್ತದ ಪ್ರಮಾಣವೂ ಅದರಲ್ಲಿ ಕರಗಿರುವ ವಸ್ತುಗಳ ಸಾಂದ್ರತೆಯೂ ಬದಲಾಗುವುದರಿಂದ, ಕೆಲವು ಅಂಕಿಗಳು ಇಳಿಯುವುದು ಆರೋಗ್ಯದ ಲಕ್ಷಣ, ಇಳಿಯದಿರುವುದೇ ಚಿಂತೆಯ ವಿಷಯ. ಇನ್ನೊಂದು ಕಡೆ, ತಿಂಗಳುಗಟ್ಟಲೆ ಪ್ರೋಟೀನ್ ಸಾಲದೆ ಉಂಡ ಹೆಣ್ಣಿನ ರಕ್ತದ ವರದಿ ಆ ಕೊರತೆಯನ್ನು ತೋರಿಸದೆಯೇ ಇರಬಹುದು. ರಕ್ತದ ಲೆಕ್ಕವನ್ನೂ ತಟ್ಟೆಯ ಲೆಕ್ಕವನ್ನೂ ಬೇರೆಬೇರೆಯಾಗಿ ಓದಿ, ಆಮೇಲೆ ಜೋಡಿಸಿ ನೋಡಬೇಕಾದ ಕಾರಣ ಇದೇ.

ಬೆಂಗಳೂರಿನ ಶಂಕರಪುರಂ ಈ ಎರಡು ಲೆಕ್ಕಗಳೂ ಪಕ್ಕಪಕ್ಕದಲ್ಲಿ ಕಾಣುವ ಜಾಗ. ಶಂಕರಮಠದ ಸುತ್ತ ಬೆಳೆದ ಈ ಹಳೆಯ ಬಡಾವಣೆಯ ಒಂದು ಮಗ್ಗುಲಿಗೆ ಗಾಂಧಿ ಬಜಾರಿನ ತರಕಾರಿ ಮತ್ತು ಅವರೆಕಾಯಿಯ ವ್ಯಾಪಾರವಿದೆ. ಇನ್ನೊಂದು ಮಗ್ಗುಲಿಗೆ ಚಾಮರಾಜಪೇಟೆ, ಅದರಾಚೆ ಕೋಟೆಯ ಬಳಿ 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆ. ಬಡಾವಣೆಯೊಳಗೇ ಶೃಂಗೇರಿ ಶಾರದಾ ಪೀಠದ ಆಶ್ರಯದ ರಂಗದೊರೆ ಸ್ಮಾರಕ ಆಸ್ಪತ್ರೆಯಿದೆ. ತಲೆಮಾರುಗಳಿಂದ ಸಸ್ಯಾಹಾರವನ್ನೇ ಉಣ್ಣುತ್ತ ಬಂದ, ತಿಂಗಳಿಗೊಂದು ಪರೀಕ್ಷೆ ಮಾಡಿಸಿಕೊಳ್ಳುವ ಮಧ್ಯಮವರ್ಗದ ಬಸುರಿಯೂ, ಗರ್ಭಿಣಿಯ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್ ಹಿಡಿದು ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವ ದುಡಿಮೆಗಾರ ಬಸುರಿಯೂ ಕೆಲವೇ ಕಿಲೋಮೀಟರುಗಳ ಈ ಸುತ್ತಿನಲ್ಲಿ ಬದುಕುತ್ತಾರೆ. ಇಬ್ಬರ ತಟ್ಟೆಯಲ್ಲೂ ಕೊರತೆ ಇರಬಹುದು, ಆದರೆ ಅದರ ಬಗೆ ಬೇರೆ. ಮೊದಲನೆಯವಳ ಮನೆಗೆ ಬರುವ ಪ್ರೋಟೀನ್ ಪುಡಿಯ ಡಬ್ಬಿಯಿಂದ ಆ ಎರಡು ಬಗೆಯ ಕೊರತೆಗಳಲ್ಲಿ ಯಾವುದೂ ಪೂರ್ತಿಯಾಗಿ ನೀಗುವುದಿಲ್ಲ.

ರಕ್ತದಿಂದ ಕಣಗಳನ್ನು ಬೇರ್ಪಡಿಸಿದಾಗ ಉಳಿಯುವ ಹಳದಿ ಬಣ್ಣದ ದ್ರವವೇ ಪ್ಲಾಸ್ಮಾ. ಅದರಲ್ಲಿ ಕರಗಿರುವ ಪ್ರೋಟೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆಲ್ಬುಮಿನ್‌ನದು. ಉಳಿದದ್ದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ಮತ್ತು ಹಲವು ವಸ್ತುಗಳನ್ನು ಹೊತ್ತೊಯ್ಯುವ ಗ್ಲಾಬ್ಯುಲಿನ್‌ಗಳೂ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್‌ನಂಥವೂ ಸೇರಿವೆ. ಆಲ್ಬುಮಿನ್ ಯಕೃತ್ತಿನಲ್ಲಿ ತಯಾರಾಗುತ್ತದೆ; ರಕ್ತನಾಳದೊಳಗಿನ ನೀರು ಹೊರಗೆ ಸೋರಿಹೋಗದಂತೆ ಹಿಡಿದಿಡುವುದು, ಕ್ಯಾಲ್ಸಿಯಂ, ಕೊಬ್ಬಿನಾಮ್ಲ, ಬಿಲಿರುಬಿನ್ ಮತ್ತು ಅನೇಕ ಔಷಧಗಳನ್ನು ಅಂಟಿಸಿಕೊಂಡು ಸಾಗಿಸುವುದು ಅದರ ಮುಖ್ಯ ಕೆಲಸಗಳು. ಬಸುರಿಯಲ್ಲದ ಆರೋಗ್ಯವಂತ ಹೆಣ್ಣಿನಲ್ಲಿ 100 ಮಿಲಿಲೀಟರ್ ಪ್ಲಾಸ್ಮಾಕ್ಕೆ ಸುಮಾರು 7 ಗ್ರಾಂ ಒಟ್ಟು ಪ್ರೋಟೀನ್, ಅದರಲ್ಲಿ 4 ಗ್ರಾಂಗಿಂತ ತುಸು ಹೆಚ್ಚು ಆಲ್ಬುಮಿನ್ ಇರುತ್ತದೆ. ತುಂಬಿದ ಬಸುರಿಯಲ್ಲಿ ಒಟ್ಟು ಪ್ರೋಟೀನ್ 6 ಗ್ರಾಂನ ಆಸುಪಾಸಿಗೂ ಆಲ್ಬುಮಿನ್ 3 ಗ್ರಾಂನ ಆಸುಪಾಸಿಗೂ ಇಳಿಯುತ್ತದೆ.

ಈ ಇಳಿಕೆ ಹೆಚ್ಚಾಗಿ ನೀರು ಬೆರೆತದ್ದರ ಫಲ. ಗರ್ಭಕೋಶಕ್ಕೂ ಮಾಸಿಗೂ ಮೂತ್ರಪಿಂಡಗಳಿಗೂ ಹೆಚ್ಚು ರಕ್ತ ಹರಿಯಬೇಕಾದ್ದರಿಂದ ಪ್ಲಾಸ್ಮಾದ ಪ್ರಮಾಣ ಶೇ 40ರಿಂದ 50ರಷ್ಟು ಏರುತ್ತದೆ. ಬಸಿರಿಗೆ ಮುಂಚೆ ಎರಡೂವರೆ ಲೀಟರ್ ಪ್ಲಾಸ್ಮಾ ಇದ್ದು, 100 ಮಿಲಿಲೀಟರಿಗೆ 4.2 ಗ್ರಾಂ ಆಲ್ಬುಮಿನ್ ಇತ್ತೆಂದರೆ ದೇಹದ ಪ್ಲಾಸ್ಮಾದಲ್ಲಿ ಒಟ್ಟು 105 ಗ್ರಾಂ ಆಲ್ಬುಮಿನ್ ಇದ್ದಂತಾಯಿತು. ಎಂಟನೆಯ ತಿಂಗಳಲ್ಲಿ ಪ್ಲಾಸ್ಮಾ ಮೂರೂಮುಕ್ಕಾಲು ಲೀಟರಿಗೆ ಏರಿ, ಆಲ್ಬುಮಿನ್ 3.1 ಗ್ರಾಂಗೆ ಇಳಿದಿದ್ದರೆ ಒಟ್ಟು ಮೊತ್ತ ಸುಮಾರು 116 ಗ್ರಾಂ. ವರದಿಯ ಅಂಕಿ ಕಾಲುಭಾಗ ಕುಸಿದಿದ್ದರೂ ದೇಹದಲ್ಲಿರುವ ಆಲ್ಬುಮಿನ್ ಕಡಿಮೆಯಾಗಿಲ್ಲ. ನೆಂಟರು ಹೆಚ್ಚಾದರೆಂದು ಸಾರಿಗೆ ನೀರು ಹೊಯ್ದಾಗ ಸೌಟಿಗೆ ಸಿಗುವ ಬೇಳೆ ಕಡಿಮೆಯಾದರೂ ಪಾತ್ರೆಯಲ್ಲಿರುವ ಬೇಳೆ ಅಷ್ಟೇ ಉಳಿಯುವಂತೆ ಇದು ನಡೆಯುತ್ತದೆ. ಇದೇ ಅವಧಿಯಲ್ಲಿ ಫೈಬ್ರಿನೋಜನ್ ಮಾತ್ರ ನೀರು ಬೆರೆತರೂ ಇಳಿಯದೆ ಏರುತ್ತದೆ. ಹೆರಿಗೆಯ ರಕ್ತಸ್ರಾವವನ್ನು ತಡೆಯಲು ದೇಹ ಮೊದಲೇ ಮಾಡಿಕೊಳ್ಳುವ ಸಿದ್ಧತೆ ಅದು.

ಉಳಿದ ಅಂಕಿಗಳಿಗೂ ಇದೇ ಎಚ್ಚರ ಬೇಕು. ಪ್ರೋಟೀನ್ ಒಡೆದಾಗ ಹುಟ್ಟುವ ತ್ಯಾಜ್ಯವಾದ ಯೂರಿಯಾವೂ, ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ಕೂಡ ಬಸಿರಿನಲ್ಲಿ ಇಳಿಯುತ್ತವೆ, ಏಕೆಂದರೆ ಮೂತ್ರಪಿಂಡಗಳು ರಕ್ತವನ್ನು ಸೋಸುವ ವೇಗ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಯೂರಿಯಾದ ವಿಷಯದಲ್ಲಂತೂ, ಮಗುವಿಗಾಗಿ ಸಾರಜನಕವನ್ನು ಉಳಿಸಿಕೊಳ್ಳುವ ದೇಹವು ಅದನ್ನು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ಹೀಗಾಗಿ 100 ಮಿಲಿಲೀಟರಿಗೆ 1 ಮಿಲಿಗ್ರಾಂ ಕ್ರಿಯಾಟಿನಿನ್ ಇರುವ ಬಸುರಿಯ ವರದಿಯಲ್ಲಿ ಪ್ರಯೋಗಾಲಯದ ಯಂತ್ರ ಕೆಂಪು ಗುರುತು ಹಾಕದಿದ್ದರೂ, ಸಾಮಾನ್ಯವಾಗಿ 0.4ರಿಂದ 0.8ರೊಳಗೆ ಇರಬೇಕಾದ ಆ ಅಂಕಿಯನ್ನು ಕಂಡ ವೈದ್ಯರು ಮೂತ್ರಪಿಂಡಗಳನ್ನು ಪರೀಕ್ಷಿಸುತ್ತಾರೆ. ಕ್ಯಾಲ್ಸಿಯಂನ ಸುಮಾರು ಐದರಲ್ಲಿ ಎರಡು ಪಾಲು ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ, ಆಲ್ಬುಮಿನ್ ಇಳಿದಾಗ ಒಟ್ಟು ಕ್ಯಾಲ್ಸಿಯಂ ಕೂಡ ಇಳಿದಂತೆ ಕಾಣುತ್ತದೆ. ದೇಹಕ್ಕೆ ನಿಜವಾಗಿ ಒದಗುವ, ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಕ್ಯಾಲ್ಸಿಯಂ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಕ್ಷಾರೀಯ ಫಾಸ್ಫಟೇಸ್ ಎಂಬ ಕಿಣ್ವ ಏರಿದರೆ ಅದು ಯಕೃತ್ತಿನ ರೋಗವೆಂದು ಗಾಬರಿಯಾಗಬೇಕಿಲ್ಲ, ಮಾಸೇ ಅದನ್ನು ತಯಾರಿಸುತ್ತಿರುತ್ತದೆ. ಹಿಮೋಗ್ಲೋಬಿನ್‌ಗೂ ಈ ಮಾತು ಸಲ್ಲುತ್ತದೆ: ಕೆಂಪು ಕಣಗಳ ರಾಶಿ ಶೇ 20–30ರಷ್ಟು ಬೆಳೆದರೂ ಪ್ಲಾಸ್ಮಾ ಅದಕ್ಕಿಂತ ಹೆಚ್ಚು ಬೆಳೆಯುವುದರಿಂದ, ವಿಶ್ವ ಆರೋಗ್ಯ ಸಂಸ್ಥೆ ಬಸುರಿಯ ರಕ್ತಹೀನತೆಯ ಗಡಿಯನ್ನು 100 ಮಿಲಿಲೀಟರಿಗೆ 12 ಗ್ರಾಂನಿಂದ 11 ಗ್ರಾಂಗೆ ಇಳಿಸಿದೆ.

ಹಾಗಾದರೆ ಪ್ರೋಟೀನ್ ಕಡಿಮೆ ಉಂಡವರ ಆಲ್ಬುಮಿನ್ ಇಳಿಯುವುದಿಲ್ಲವೇ? ತೀವ್ರ ಕೊರತೆಯ ಕೊನೆಯ ಹಂತದಲ್ಲಿ ಇಳಿಯುವುದುಂಟು. ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ ದುಡಿಯುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1933ರಲ್ಲಿ ವರ್ಣಿಸಿದ, ಮೈ ಊದಿಕೊಂಡು ಕೂದಲು ಬಣ್ಣಗೆಡುವ ಮಕ್ಕಳ ಕ್ವಾಷಿಯೋರ್ಕರ್ ಎಂಬ ರೋಗದಲ್ಲಿ ಆಲ್ಬುಮಿನ್ ಬಹಳ ಕುಸಿದಿರುತ್ತದೆ. ಆದರೆ ಅಷ್ಟೇ ಹಸಿವಿನಿಂದ ಮೂಳೆಚಕ್ಕಳವಾಗುವ ಮರಾಸ್ಮಸ್ ಮಕ್ಕಳಲ್ಲಿ ಅದು ಅಷ್ಟೊಂದು ಇಳಿಯುವುದಿಲ್ಲ. ಆಹಾರ ಸಾಲದಾದಾಗ ದೇಹವು ಸ್ನಾಯುಗಳನ್ನು ಕರಗಿಸಿ, ಬಂದ ಅಮೈನೋ ಆಮ್ಲಗಳಿಂದ ಯಕೃತ್ತಿನ ಕೆಲಸವನ್ನು ಬಹುಕಾಲ ನಡೆಸುತ್ತದೆ. ಪ್ರೋಟೀನ್‌ಗಳೆಲ್ಲ ಅಮೈನೋ ಆಮ್ಲಗಳೆಂಬ ಬಿಡಿ ಘಟಕಗಳ ಸರಪಳಿಗಳಾದ್ದರಿಂದ ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಹೆಣೆಯುವುದು ದೇಹಕ್ಕೆ ಸಾಧ್ಯ. ಅಲ್ಲದೆ ಒಂದು ಆಲ್ಬುಮಿನ್ ಕಣದ ಅರ್ಧಾಯುಷ್ಯ ಸುಮಾರು 20 ದಿನ. ನಿನ್ನೆಯ ಅಥವಾ ಕಳೆದ ವಾರದ ಊಟದ ಗುರುತು ಅದರಲ್ಲಿ ಸಿಗುವುದಿಲ್ಲ. ಸೋಂಕು, ಉರಿಯೂತ, ಯಕೃತ್ತಿನ ರೋಗ, ಮೂತ್ರದಲ್ಲಿ ಪ್ರೋಟೀನ್ ಸೋರುವಿಕೆ, ಇವೆಲ್ಲ ಆಲ್ಬುಮಿನ್ ಅನ್ನು ಊಟದ ಕೊರತೆಗಿಂತ ಬೇಗ ಇಳಿಸುತ್ತವೆ. ಬಸುರಿಯ ಆಲ್ಬುಮಿನ್ ಈ ಕಾಲದ ಸಹಜ ಮಟ್ಟಕ್ಕಿಂತಲೂ ಕೆಳಗಿದ್ದರೆ ವೈದ್ಯರು ಮೊದಲು ರಕ್ತದೊತ್ತಡವನ್ನೂ ಮೂತ್ರವನ್ನೂ ನೋಡುವುದು ಇದಕ್ಕಾಗಿಯೇ.

ಇಪ್ಪತ್ತು ವಾರ ಕಳೆದ ಮೇಲೆ ರಕ್ತದೊತ್ತಡ 140/90 ಮುಟ್ಟಿ, ದಿನದ ಮೂತ್ರದಲ್ಲಿ 300 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಬೇರೆ ಅಂಗಗಳಿಗೆ ಪೆಟ್ಟು ಬಿದ್ದ ಲಕ್ಷಣಗಳಿದ್ದರೆ ಅದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಲಕ್ಷಿಸದೆ ಬಿಟ್ಟರೆ ಅದು ಸೆಳವಿಗೂ ಸಾವಿಗೂ ಒಯ್ಯಬಲ್ಲದು. ಈ ರೋಗದ ಸುತ್ತ ಆಹಾರದ ವಾದಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೊಯ್ದಾಡಿವೆ. ಒಂದು ಕಾಲದ ವೈದ್ಯರು ಮೂತ್ರದಲ್ಲಿ ಆಲ್ಬುಮಿನ್ ಕಂಡೊಡನೆ ಊಟದ ಪ್ರೋಟೀನ್ ಅನ್ನೇ ಕಡಿತಗೊಳಿಸುತ್ತಿದ್ದರು. ಅದಕ್ಕೆ ಎದುರಾಗಿ ಅಮೆರಿಕದ ವೈದ್ಯ ಥಾಮಸ್ ಬ್ರೂವರ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಈ ರೋಗ ಪೋಷಣೆಯ ಕೊರತೆಯಿಂದಲೇ ಬರುತ್ತದೆಂದೂ ಹೇರಳ ಪ್ರೋಟೀನ್ ಉಂಡರೆ ತಡೆಯಬಹುದೆಂದೂ ವಾದಿಸಿದರು. ರಕ್ತದಲ್ಲಿ ಆಲ್ಬುಮಿನ್ ಕಡಿಮೆ, ಮೈಯಲ್ಲಿ ಊತ, ಆದ್ದರಿಂದ ತಟ್ಟೆಯಲ್ಲಿ ಪ್ರೋಟೀನ್ ಕಡಿಮೆ ಎಂಬ ತರ್ಕ ಕೇಳಲು ನೇರವಾಗಿದೆ. ಆದರೆ ಇಲ್ಲಿ ಆಲ್ಬುಮಿನ್ ಇಳಿಯಲು ಕಾರಣ ಅದು ಸೋರಿಹೋಗುವುದು, ಸೋರಲು ಕಾರಣ ಮಾಸಿನ ರಕ್ತನಾಳಗಳ ದೋಷದಿಂದ ಆರಂಭವಾಗಿ ತಾಯಿಯ ರಕ್ತನಾಳಗಳ ಒಳಪದರಕ್ಕೆ ಹಬ್ಬುವ ಹಾನಿ. ಹೆಚ್ಚು ಪ್ರೋಟೀನ್ ತಿನ್ನಿಸಿ ಈ ರೋಗವನ್ನು ತಡೆಯಬಹುದೆಂದು ಮುಂದಿನ ಪ್ರಯೋಗಗಳು ತೋರಿಸಿಲ್ಲ. ಆಹಾರದಿಂದ ನಿಜವಾದ ನೆರವು ಸಿಕ್ಕಿರುವುದು ಕ್ಯಾಲ್ಸಿಯಂ ಕಡಿಮೆ ತಿನ್ನುವವರಿಗೆ ಅದನ್ನು ಪೂರೈಸಿದಾಗ. ಬೆಂಗಳೂರಿನಲ್ಲಿ 11,000 ಗರ್ಭಿಣಿಯರ ಮೇಲೆ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 500 ಮಿಲಿಗ್ರಾಂ ಪಡೆದವರಲ್ಲಿ ಶೇ 3.0, 1,500 ಮಿಲಿಗ್ರಾಂ ಪಡೆದವರಲ್ಲಿ ಶೇ 3.6 ಮಂದಿಗೆ ಈ ರೋಗ ಬಂದಿತ್ತು. ಕಡಿಮೆ ಪ್ರಮಾಣದ ಮಾತ್ರೆಯೂ ಸಾಕೆಂಬುದು ಅದರಿಂದ ಸ್ಪಷ್ಟವಾಯಿತು.

ಅತಿಯಾದ ಪ್ರೋಟೀನ್ ಪೂರೈಕೆ ಅಪಾಯಕ್ಕೂ ದಾರಿಯಾಗಬಹುದು ಎಂಬುದಕ್ಕೆ ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಬಡ ಗರ್ಭಿಣಿಯರ ಮೇಲೆ ನಡೆದು 1980ರಲ್ಲಿ ಪ್ರಕಟವಾದ ಅಧ್ಯಯನ ಸಾಕ್ಷಿ. ಊಟದ ಜೊತೆಗೆ ದಿನಕ್ಕೆ 40 ಗ್ರಾಂ ಪ್ರೋಟೀನ್ ಇರುವ ಪಾನೀಯವನ್ನು ಕುಡಿದವರ ಗುಂಪಿನಲ್ಲಿ ತೀರ ಅಕಾಲಿಕ ಹೆರಿಗೆಗಳೂ ನವಜಾತ ಶಿಶುಗಳ ಸಾವುಗಳೂ ಹೆಚ್ಚಾಗಿದ್ದವು. ಇದಕ್ಕೆ ವ್ಯತಿರಿಕ್ತವಾಗಿ, ಒಟ್ಟು ಶಕ್ತಿಯ ಕಾಲುಭಾಗಕ್ಕಿಂತ ಕಡಿಮೆ ಪ್ರೋಟೀನ್‌ನಿಂದ ಬರುವಂತೆ, ಉಳಿದದ್ದು ಪಿಷ್ಟ ಮತ್ತು ಕೊಬ್ಬಿನಿಂದ ಬರುವಂತೆ ಹದವಾಗಿ ಬೆರೆಸಿದ ಹೆಚ್ಚುವರಿ ಆಹಾರವನ್ನು ಕೊಟ್ಟ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸತ್ತು ಹುಟ್ಟುವ ಶಿಶುಗಳ ಪ್ರಮಾಣ ಸುಮಾರು ಶೇ 40ರಷ್ಟು, ತಿಂಗಳಿಗೆ ತಕ್ಕಷ್ಟು ಬೆಳೆಯದ ಶಿಶುಗಳ ಪ್ರಮಾಣ ಸುಮಾರು ಶೇ 20ರಷ್ಟು ಇಳಿದಿರುವುದು ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆಯೂ ಇದೇ: ಪೋಷಣೆ ಸಾಲದ ಸಮುದಾಯಗಳಲ್ಲಿ ಹದವಾದ ಶಕ್ತಿ–ಪ್ರೋಟೀನ್ ಆಹಾರ ಕೊಡಬೇಕು, ಪ್ರೋಟೀನ್ ಮಾತ್ರ ಹೆಚ್ಚಿರುವ ಪೂರಕಗಳನ್ನು ಕೊಡಬಾರದು. ಹೊಟ್ಟೆ ತುಂಬ ಅನ್ನವಿಲ್ಲದಾಗ ದೇಹವು ತಿಂದ ಪ್ರೋಟೀನ್ ಅನ್ನು ಶಕ್ತಿಗಾಗಿ ಸುಟ್ಟುಬಿಡುವುದರಿಂದ, ಅನ್ನದ ಕೊರತೆ ತುಂಬದೆ ಪ್ರೋಟೀನ್‌ನ ಕೊರತೆ ತುಂಬುವುದಿಲ್ಲ.

ಈ ಪಾಠವನ್ನು ಭಾರತದ ಪೋಷಣಾ ವಿಜ್ಞಾನ ಕೊಂಚ ಸುತ್ತುಬಳಸಿ ಕಲಿಯಿತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ರೂಪಿಸಿದಾಗ, ಬಡದೇಶಗಳ ಮುಖ್ಯ ಕೊರತೆ ಪ್ರೋಟೀನ್‌ನದೇ ಎಂಬ ನಂಬಿಕೆ ಜಗತ್ತಿನಲ್ಲೆಲ್ಲ ಬಲವಾಗಿತ್ತು. ಕೂನೂರಿನಲ್ಲಿ 1918ರಲ್ಲಿ ಬೆರಿಬೆರಿ ವಿಚಾರಣಾ ಘಟಕವಾಗಿ ಹುಟ್ಟಿ ಹೈದರಾಬಾದಿಗೆ ಸ್ಥಳಾಂತರಗೊಂಡ ಸಂಸ್ಥೆಯಲ್ಲಿ, ಅಂದರೆ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ, ಸಿ. ಗೋಪಾಲನ್ ಮತ್ತು ಸಂಗಡಿಗರು ಮನೆಮನೆಯ ಊಟವನ್ನು ಅಳೆದು, ದವಸ ಮತ್ತು ಬೇಳೆಯ ಮಾಮೂಲಿ ಊಟವನ್ನೇ ಹೊಟ್ಟೆ ತುಂಬ ಉಂಡರೆ ಪ್ರೋಟೀನ್ ಬಹುಮಟ್ಟಿಗೆ ತಾನಾಗಿಯೇ ಒದಗುತ್ತದೆ ಎಂದು ವಾದಿಸಿದರು. 1974ರಲ್ಲಿ ಪೋಷಣಾ ತಜ್ಞ ಡೊನಾಲ್ಡ್ ಮೆಕ್‌ಲಾರೆನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರೋಟೀನ್ ಭ್ರಮೆಯನ್ನು ಕಟುವಾಗಿ ಟೀಕಿಸಿದ ಮೇಲೆ ಜಗತ್ತಿನ ಗಮನ ಒಟ್ಟು ಆಹಾರದ ಕಡೆಗೆ ತಿರುಗಿತು. ಆದರೆ ಈ ವಾದದಲ್ಲೂ ಒಂದು ಬಿರುಕು ಉಳಿದಿತ್ತು: ಎಷ್ಟು ಪ್ರೋಟೀನ್ ಎಂಬುದರ ಜೊತೆಗೆ ಎಂಥ ಪ್ರೋಟೀನ್ ಎಂಬುದೂ ಮುಖ್ಯ.

ಒಂಬತ್ತು ತಿಂಗಳಲ್ಲಿ ತಾಯಿಯ ತೂಕ ಹನ್ನೆರಡೂವರೆ ಕಿಲೋ ಏರಿದರೆ ಅದರಲ್ಲಿ ಹೊಸದಾಗಿ ಕೂಡುವ ಪ್ರೋಟೀನ್ ಸುಮಾರು 925 ಗ್ರಾಂ ಎಂಬುದು ಶಾಸ್ತ್ರಗ್ರಂಥಗಳ ಹಳೆಯ ಲೆಕ್ಕ. ಅದರಲ್ಲಿ ಅರ್ಧಕ್ಕೆ ತುಸು ಕಡಿಮೆ ಪಾಲು ಮಗುವಿನದು, ಉಳಿದದ್ದು ಗರ್ಭಕೋಶ, ರಕ್ತ, ಮಾಸು ಮತ್ತು ಎದೆಯ ಅಂಗಾಂಶಗಳದು. ಈ ಸೇರ್ಪಡೆಯ ಹೆಚ್ಚಿನ ಭಾಗ ಕೊನೆಯ ತಿಂಗಳುಗಳಲ್ಲಿ ಆಗುತ್ತದೆ. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಲ್ಲಿ, 55 ಕಿಲೋ ತೂಕದ ಹೆಣ್ಣಿಗೆ ಮಾಮೂಲಿಯಾಗಿ ಬೇಕಾದ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಮೇಲೆ ನಡುವಿನ ಮೂರು ತಿಂಗಳಲ್ಲಿ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚುವರಿ ಬೇಕೆಂದು ಹೇಳಿದೆ. ಮಾಸು ತಾಯಿಯ ರಕ್ತದಿಂದ ಅಮೈನೋ ಆಮ್ಲಗಳನ್ನು ಶಕ್ತಿ ವ್ಯಯಿಸಿ ಎಳೆದುಕೊಳ್ಳುವುದರಿಂದ ಅವುಗಳ ಸಾಂದ್ರತೆ ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲೇ ಹೆಚ್ಚಿರುತ್ತದೆ. ತಾಯಿಯ ಊಟ ಸಾಲದಾದರೆ ಆ ಬೇಡಿಕೆಯ ಒಂದು ಪಾಲು ಆಕೆಯ ಸ್ನಾಯುಗಳಿಂದ ಹೋಗುತ್ತದೆ, ಉಳಿದ ಪಾಲು ಮಗುವಿಗೇ ಖೋತಾ ಆಗುತ್ತದೆ.

ಈ ಅಂಕಿಗಳನ್ನು ಬೆಂಗಳೂರಿನ ತಟ್ಟೆಗೆ ಹಚ್ಚಿ ನೋಡಬಹುದು. ಮುನ್ನೂರು ಗ್ರಾಂ ಅಕ್ಕಿಯ ಅನ್ನ, ಹದಿನೈದು ಗ್ರಾಂ ಬೇಳೆಯ ತಿಳಿಸಾರು, ಒಂದಿಷ್ಟು ಪಲ್ಯ, ಕಾಫಿಗೆ ಬೀಳುವ ಹಾಲು, ಇಷ್ಟರಲ್ಲಿ ಸಿಗುವ ಪ್ರೋಟೀನ್ 33 ಗ್ರಾಂನ ಆಸುಪಾಸು. ಅದರಲ್ಲಿ ಅಕ್ಕಿಯನ್ನು ಅರ್ಧಕ್ಕೆ ಇಳಿಸಿ, ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆ, ಐವತ್ತು ಗ್ರಾಂ ತೊಗರಿಬೇಳೆಯ ಗಟ್ಟಿ ಹುಳಿ, ನಲವತ್ತು ಗ್ರಾಂ ಅವರೆ, ಹುರುಳಿ ಅಥವಾ ಹೆಸರುಕಾಳು, ಮೂವತ್ತು ಗ್ರಾಂ ಕಡಲೆಕಾಯಿ ಬೀಜ, ಹಾಲು ಮೊಸರು ಸೇರಿ ಅರ್ಧ ಲೀಟರ್ ಸೇರಿಸಿದರೆ ಅದು 60 ಗ್ರಾಂ ದಾಟುತ್ತದೆ. ಮೊಟ್ಟೆ ತಿನ್ನುವವರು ಒಂದು ಮೊಟ್ಟೆ ತಿಂದರೆ ಇನ್ನೂ 6 ಗ್ರಾಂ ಕೂಡಿ ಕೊನೆಯ ತಿಂಗಳುಗಳ ಅಗತ್ಯದ ಹತ್ತಿರ ಬರುತ್ತದೆ, ತಿನ್ನದವರಿಗೆ ಇನ್ನೊಂದು ಲೋಟ ಹಾಲು ಅಥವಾ ಒಂದು ಬಟ್ಟಲು ಕಾಳಿನ ಉಸಲಿ ಆ ಜಾಗ ತುಂಬುತ್ತದೆ. ಇದರಲ್ಲಿ ಗಾಂಧಿ ಬಜಾರಿನಲ್ಲಿ ಸಿಗದ ಪದಾರ್ಥ ಒಂದೂ ಇಲ್ಲ.

ಬೆರಕೆಯ ಮಹತ್ವಕ್ಕೆ ರಸಾಯನದ ಕಾರಣವೂ ಇದೆ. ದೇಹ ತಾನೇ ತಯಾರಿಸಿಕೊಳ್ಳಲಾರದ, ಊಟದಿಂದಲೇ ಬರಬೇಕಾದ ಒಂಬತ್ತು ಅಮೈನೋ ಆಮ್ಲಗಳಲ್ಲಿ ಲೈಸೀನ್ ಎಂಬುದು ಅಕ್ಕಿ, ರಾಗಿ, ಗೋಧಿಗಳಲ್ಲಿ ಕಡಿಮೆ. ಕಾಳು ಬೇಳೆಗಳಲ್ಲಿ ಅದು ಧಾರಾಳವಾಗಿದ್ದು, ಅಲ್ಲಿ ಕಡಿಮೆಯಾಗುವ ಗಂಧಕಯುಕ್ತ ಅಮೈನೋ ಆಮ್ಲಗಳು ದವಸದಿಂದ ಬರುತ್ತವೆ. ಸೇಂಟ್ ಜಾನ್ಸ್‌ನಲ್ಲಿ ಅನುರ ಕುರ್ಪಾಡ್ ಮತ್ತು ಸಂಗಡಿಗರು ನಡೆಸಿದ ಸಂಶೋಧನೆಯಿಂದ, ವಯಸ್ಕರಿಗೆ ಬೇಕಾದ ಲೈಸೀನ್ ಮೊದಲು ಅಂದಾಜಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು, ಅಂದರೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಮಿಲಿಗ್ರಾಂನಷ್ಟು ಎಂದು ಸ್ಥಿರಪಟ್ಟಿತು. ಅದೇ ಸಂಸ್ಥೆಯ ಇನ್ನೊಂದು ಸಾಲಿನ ಅಧ್ಯಯನಗಳು ಮೊಟ್ಟೆಯ ಪ್ರೋಟೀನ್‌ನಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಕರುಳಿನಲ್ಲಿ ಜೀರ್ಣವಾಗಿ ದಕ್ಕಿದರೆ, ಇಡೀ ಹೆಸರುಕಾಳಿನಲ್ಲಿ ಮೂರಕ್ಕೆ ಎರಡು ಪಾಲಿನಷ್ಟು ಮಾತ್ರ ದಕ್ಕುತ್ತದೆಂದೂ, ಸಿಪ್ಪೆ ತೆಗೆದರೆ ಆ ಪಾಲು ಏರುತ್ತದೆಂದೂ ತೋರಿಸಿವೆ. ಅನ್ನಕ್ಕೆ ಬರೀ ತಿಳಿಸಾರು ಸುರಿದುಕೊಂಡು, ತಳದ ಬೇಳೆಯನ್ನು ಬೇರೆಯವರಿಗೆ ಬಿಡುವ ಬಸುರಿ ಕಳೆದುಕೊಳ್ಳುವುದು ಈ ಲೈಸೀನ್ ಅನ್ನೇ.

ಸಸ್ಯಾಹಾರದ ಮನೆಗಳಲ್ಲಿ ಪ್ರೋಟೀನ್‌ಗಿಂತ ಗುಪ್ತವಾಗಿ ಕಾಡುವ ಕೊರತೆ ಬಿ12 ಜೀವಸತ್ವದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದಾಗ ಶೇ 43ರಷ್ಟು ಮಂದಿಯಲ್ಲಿ ಬಿ12 ಕಡಿಮೆಯಿದ್ದರೆ, ಫೋಲೇಟ್ ಕಡಿಮೆಯಿದ್ದವರು ಶೇ 4 ಮಾತ್ರ. ಬಿ12 ಕಡಿಮೆಯಿದ್ದವರಲ್ಲಿ ಬಸಿರಿನ ಸಕ್ಕರೆ ಕಾಯಿಲೆಯೂ ಹೆಚ್ಚಾಗಿತ್ತು. ಬಿ ಗುಂಪಿನ ಇನ್ನೊಂದು ಜೀವಸತ್ವವಾದ ಫೋಲೇಟ್‌ನ ಜಾಡು ಸಿಕ್ಕಿದ್ದು ಕೂಡ ಭಾರತದ ಬಸುರಿಯರಿಂದಲೇ: ಲೂಸಿ ವಿಲ್ಸ್ ಎಂಬ ವೈದ್ಯೆ 1928ರಿಂದ ಮುಂಬಯಿಯ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಂಡ ರಕ್ತಹೀನತೆ ಈಸ್ಟ್ ಸಾರದಿಂದ ವಾಸಿಯಾಗುವುದನ್ನು ತೋರಿಸಿದ್ದರು. ಇಂದು ಕಬ್ಬಿಣದ ಮಾತ್ರೆಯ ಜೊತೆ ಫೋಲಿಕ್ ಆಮ್ಲ ಎಲ್ಲರಿಗೂ ಸಿಗುತ್ತಿರುವಾಗ ಬಿ12 ಹಿಂದುಳಿದಿದೆ. ಬಿ12 ಇಲ್ಲದೆ ಫೋಲೇಟ್ ಸರಿಯಾಗಿ ಕೆಲಸ ಮಾಡಲಾರದು, ಮೆಥಿಯೋನೀನ್ ಎಂಬ ಅಮೈನೋ ಆಮ್ಲವನ್ನು ದೇಹ ಮರುತಯಾರಿಸಲಾರದು, ಹೋಮೋಸಿಸ್ಟೀನ್ ಎಂಬ ಹಾನಿಕರ ವಸ್ತು ರಕ್ತದಲ್ಲಿ ಏರುತ್ತದೆ. ಪ್ರೋಟೀನ್‌ನ ರಸಾಯನವೂ ಬಿ12ರ ರಸಾಯನವೂ ಕೂಡುವುದು ಇಲ್ಲಿಯೇ. ಬೆಂಗಳೂರಿನ ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟು ಸೇಂಟ್ ಜಾನ್ಸ್‌ನವರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಾಯಿ ಮಗು ಇಬ್ಬರ ರಕ್ತದಲ್ಲೂ ಅದರ ಮಟ್ಟ ಏರಿತ್ತು. ಕಾಳು ಬೇಳೆ ಸೊಪ್ಪುಗಳಲ್ಲಿ ಬಿ12 ಇಲ್ಲ. ಹಾಲು ಮೊಸರು ಸ್ವಲ್ಪ ಕೊಡುತ್ತವೆ, ಸಾಲದಿದ್ದರೆ ವೈದ್ಯರ ಸಲಹೆಯಂತೆ ಮಾತ್ರೆ ಬೇಕು.

ಬಸಿರಿನಲ್ಲಿ ಆದ ಕೊರತೆ ಹೆರಿಗೆಯೊಂದಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ದಾಖಲೆಪುಸ್ತಕಗಳು ಸಾಕ್ಷಿ ಹೇಳಿವೆ. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11 ಮಂದಿಗೆ ನಡುವಯಸ್ಸಿನ ನಂತರ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ 3. ಹುಟ್ಟುವಾಗ ಕಡಿಮೆ ತೂಕವಿದ್ದು, ಬಸಿರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆಯಿದ್ದವರಲ್ಲಿ ಈ ಪ್ರಮಾಣ ಶೇ 20 ಮುಟ್ಟಿತ್ತು. ಮೈಸೂರಿನ ನವಜಾತ ಶಿಶುಗಳನ್ನು ಮುಂದೆ ಅಳೆದಾಗ, ಪಾಶ್ಚಾತ್ಯ ಶಿಶುಗಳಿಗಿಂತ ಅವು ಸಣ್ಣವಾಗಿದ್ದರೂ ಬೆನ್ನಿನ ಮೇಲಿನ ಕೊಬ್ಬು ಕಡಿಮೆಯಿರದೆ, ಸ್ನಾಯುಗಳು ಮಾತ್ರ ಕೃಶವಾಗಿದ್ದವು. ಸಕ್ಕರೆಯನ್ನು ಬಳಸಿಕೊಳ್ಳುವ ಮುಖ್ಯ ಅಂಗಾಂಶವೇ ಸ್ನಾಯು ಆದ್ದರಿಂದ, ಇಂಥ ಮೈಕಟ್ಟು ಮುಂದೆ ಮಧುಮೇಹಕ್ಕೆ ದಾರಿಯಾಗಬಹುದೆಂದು ಸಂಶೋಧಕರು ಎಣಿಸುತ್ತಾರೆ.

ಕೊರತೆಗೆ ಬಡತನವೊಂದೇ ಕಾರಣವಲ್ಲ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಟ್ಟೆಯಲ್ಲಿ ಅನ್ನ ಮತ್ತು ಮಗು ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ, ಹೆಚ್ಚು ಉಂಡರೆ ಮಗುವಿಗೆ ಜಾಗ ಸಾಲದು, ಮಗು ದೊಡ್ಡದಾದರೆ ಹೆರಿಗೆ ಕಷ್ಟ ಎಂಬ ಭಾವನೆಗಳು ದಾಖಲಾಗಿವೆ. ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣುವ ರೂಢಿ, ಊಟದ ಬೆನ್ನಿಗೇ ಕಾಫಿ ಕುಡಿದು ಕಬ್ಬಿಣದ ಹೀರುವಿಕೆಗೆ ಅಡ್ಡಿ ತರುವ ಅಭ್ಯಾಸ ನಗರದಲ್ಲೂ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಸುಮಾರು ಶೇ 45 ಮಂದಿಗೆ ರಕ್ತಹೀನತೆ ಕಂಡುಬಂದದ್ದು ಈ ಎಲ್ಲದರ ಒಟ್ಟು ಫಲ. 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಅನ್ನ, ಬೇಳೆ ಸಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿಯಿರುವ ಒಂದು ಹೊತ್ತಿನ ಬಿಸಿಯೂಟ ಕೊಡುತ್ತದೆ. ಪುಡಿಯ ಪೊಟ್ಟಣವನ್ನು ಮನೆಗೆ ಕಳಿಸದೆ ಪೂರ್ಣ ಊಟವನ್ನೇ ಬಡಿಸುವ ಈ ಕ್ರಮ ಹದವಾದ ಶಕ್ತಿ–ಪ್ರೋಟೀನ್ ಆಹಾರದ ತತ್ವಕ್ಕೆ ಹತ್ತಿರವಾದದ್ದು. ಆದರೆ ಮಧ್ಯಾಹ್ನ ಬೇರೆಯವರ ಮನೆಯಲ್ಲೋ ಕಾರ್ಖಾನೆಯಲ್ಲೋ ದುಡಿಯುವ ನಗರದ ಹೆಣ್ಣು ಅಂಗನವಾಡಿಗೆ ಬಂದು ಕೂತು ಉಣ್ಣುವುದು ಸುಲಭವಲ್ಲ. ಅವಳ ವೇಳೆಗೆ ಊಟ ಒದಗುವಂತೆ ಯೋಜನೆಯನ್ನು ಹೊಂದಿಸಬೇಕಾಗಿದೆ.

ಒಟ್ಟಿನಲ್ಲಿ, ಬಸುರಿಯ ಪ್ರೋಟೀನ್ ಸ್ಥಿತಿಯನ್ನು ಹೇಳುವುದು ಬಸಿರಿಗೆ ಮುಂಚಿನ ಆಕೆಯ ತೂಕ, ತಿಂಗಳು ತಿಂಗಳಿಗೆ ಏರುವ ತೂಕ, ಮಗುವಿನ ಬೆಳವಣಿಗೆ ಮತ್ತು ದಿನದ ಊಟದ ವಿವರ. ರಕ್ತದ ಆಲ್ಬುಮಿನ್ ಹೇಳುವುದು ಮೂತ್ರಪಿಂಡ, ಯಕೃತ್ತು ಮತ್ತು ಸೋಂಕಿನ ಕಥೆಯನ್ನು. ಗರ್ಭಿಣಿಯ ವರದಿಯಲ್ಲಿ ಗರ್ಭಿಣಿಯರಿಗೆ ಸಲ್ಲುವ ಮಾಮೂಲಿ ಮಟ್ಟಗಳನ್ನೇ ಅಚ್ಚು ಮಾಡುವುದು ಪ್ರಯೋಗಾಲಯಗಳ ಹೊಣೆ, ತಾಯಿ ಕಾರ್ಡಿನಲ್ಲಿ ತೂಕದ ಜೊತೆಗೆ ಊಟವನ್ನೂ ವಿಚಾರಿಸುವುದು ಆಸ್ಪತ್ರೆಗಳ ಹೊಣೆ. ಮುಖ, ಕೈ ಊದಿಕೊಂಡರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಮನೆಯವರು ಊಟದ ಚರ್ಚೆಗೆ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ದಿನಗಳಲ್ಲಿ ಡಬ್ಬಿಗೆ ಹಣ ಸುರಿಯುವ ಮೊದಲು ಗಟ್ಟಿ ಬೇಳೆ, ಕಾಳು, ಹಾಲು ಮೊಸರು, ಒಪ್ಪುವವರಿಗೆ ಮೊಟ್ಟೆ, ಇವು ಎಲ್ಲರಿಗಿಂತ ಮೊದಲು ಆಕೆಯ ತಟ್ಟೆಗೆ ಬೀಳುವಂತೆ ನೋಡಿಕೊಳ್ಳಬೇಕು.